ಮೊದಲು ಒಬ್ಬೊಬ್ಬರೇ, ಆಮೇಲೆ ಜೊತೆಯಾಗಿ

ಕರ್ನಾಟಕದ ಪ್ರೌಢಶಾಲೆಗಳ ಶಿಕ್ಷಕ ಶಿಕ್ಷಕಿಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಕ ಬಂಧುಗಳೇ,

ಕಳೆದ ಐದಾರು ವರ್ಷಗಳಲ್ಲಿ ನಿಮ್ಮ ತರಗತಿಯೊಳಗೆ ಎರಡು ಸಂಗತಿಗಳು ಬಂದು ನೆಲೆಯೂರಿವೆ. ಒಂದು ಪರದೆ, ಇನ್ನೊಂದು ಗುಂಪು. 2020ರ ಮಾರ್ಚ್‌ನಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಚಂದನ ವಾಹಿನಿಯ ಸೇತುಬಂಧ ಪಾಠಗಳು, ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ವಿಡಿಯೊಗಳು, ಊರೊಳಗೇ ಮಕ್ಕಳನ್ನು ಗುಂಪುಗೂಡಿಸಿ ನಡೆಸಿದ ವಿದ್ಯಾಗಮ ಎಲ್ಲವೂ ಅನಿವಾರ್ಯಕ್ಕೆ ಹುಟ್ಟಿಕೊಂಡವು. ಅದೇ ವರ್ಷ ಬಂದ ರಾಷ್ಟ್ರೀಯ ಶಿಕ್ಷಣ ನೀತಿ ಮಿಶ್ರ ಕಲಿಕೆಯನ್ನು, ಅಂದರೆ ಮುಖಾಮುಖಿ ಪಾಠ ಮತ್ತು ಡಿಜಿಟಲ್ ಪಾಠಗಳನ್ನು ಬೆರೆಸುವ ಕ್ರಮವನ್ನು, ಹೆಸರಿಟ್ಟೇ ಎತ್ತಿ ಹಿಡಿಯಿತು. ಈಗ ಪಠ್ಯಪುಸ್ತಕದ ಪುಟದಲ್ಲಿ ಕ್ಯೂಆರ್ ಕೋಡ್ ಇದೆ, ಫೋನಿನಲ್ಲಿ ದೀಕ್ಷಾ ಆ್ಯಪ್ ಇದೆ, ಎಷ್ಟೋ ಶಾಲೆಗಳ ಗೋಡೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ. ತರಬೇತಿಗೆ ಹೋದರೆ ಚಾರ್ಟು, ಸ್ಕೆಚ್ ಪೆನ್ನು ಕೈಗೆ ಕೊಟ್ಟು ಗುಂಪು ಮಾಡಿ ಕೂರಿಸುತ್ತಾರೆ. ತರಗತಿಯಲ್ಲೂ ಹಾಗೇ ಮಾಡಿ ಎನ್ನುತ್ತಾರೆ. ಎರಡಕ್ಕೂ ಆಧಾರವಾಗಿ 'ಮಿದುಳು ವಿಜ್ಞಾನ ಹೀಗೆ ಹೇಳುತ್ತದೆ' ಎಂಬ ಮಾತು ಮುಂದೆ ಬರುತ್ತದೆ. ಆ ವಿಜ್ಞಾನ ನಿಜಕ್ಕೂ ಏನು ಹೇಳುತ್ತದೆ ಎಂಬುದನ್ನು ನಿಮ್ಮ ಮುಂದಿಟ್ಟು, ಒಂದೇ ಒಂದು ಬದಲಾವಣೆಯನ್ನು ಕೇಳಿಕೊಳ್ಳಲು ಈ ಪತ್ರ. ವಿಡಿಯೊ ಹಾಕುವ ಮೊದಲು, ಗುಂಪು ಮಾಡುವ ಮೊದಲು, ಆಮೇಲೆ ಕೆಲವು ದಿನ ಬಿಟ್ಟು ಮತ್ತೊಮ್ಮೆ, ಪ್ರತಿಯೊಂದು ಮಗುವಿಗೂ ಎರಡು ಮೂರು ನಿಮಿಷ ತಾನೊಂದೇ ಕೂತು, ಪುಸ್ತಕ ಮುಚ್ಚಿ, ತನ್ನ ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಲು ಬಿಡಿ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಉದ್ದದ ಪತ್ರ ಯಾಕೆ ಎಂದು ನೀವು ಕೇಳಬಹುದು. ಆ ಎರಡು ಮೂರು ನಿಮಿಷ ಇಲ್ಲದೆ ಹೋದರೆ ಪರದೆಯೂ ಗುಂಪೂ ಮಗುವಿಗೆ ಕಲಿತ ಭ್ರಮೆಯನ್ನಷ್ಟೇ ಕೊಡುತ್ತವೆ ಎಂಬುದಕ್ಕೆ ಸಾಕ್ಷ್ಯ ಗಟ್ಟಿಯಾಗಿದೆ. ಮೊದಲು ತಲೆಯ ಅಳತೆಯಿಂದ ಶುರು ಮಾಡೋಣ. ಒಂದು ಕ್ಷಣದಲ್ಲಿ ಮನಸ್ಸಿನಲ್ಲಿ ಹಿಡಿದಿಟ್ಟು ಲೆಕ್ಕ ಹಾಕುವ, ಹೋಲಿಸುವ ಜಾಗಕ್ಕೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. 1956ರಲ್ಲಿ ಜಾರ್ಜ್ ಮಿಲ್ಲರ್ ಅದರಲ್ಲಿ ಏಳರ ಆಸುಪಾಸಿನಷ್ಟು ಅಂಶಗಳು ಹಿಡಿಸುತ್ತವೆ ಎಂದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಇನ್ನಷ್ಟು ಇಳಿಸಿ ನಾಲ್ಕರ ಆಸುಪಾಸು ಎಂದು ವಾದಿಸಿದರು. ಹೊಸದಾಗಿ ಕಲಿಯುವವರ ಈ ಜಾಗ ಬೇಗ ತುಂಬಿಹೋಗುತ್ತದೆ. ಹತ್ತನೇ ತರಗತಿಯ ಒಬ್ಬ ಹುಡುಗ ಸ್ಮಾರ್ಟ್ ಬೋರ್ಡಿನ ಮುಂದೆ ಕೂತಿದ್ದಾನೆ ಎಂದುಕೊಳ್ಳಿ. ಪರದೆಯ ಮೇಲೆ 'ವಿದ್ಯುಚ್ಛಕ್ತಿ' ಎಂಬ ಪದ ಮೂಡಿದೆ. ಅವನ ಕಣ್ಣು 'ದ್ಯು'ವನ್ನು ದಾಟಿ 'ಚ್ಛ' ಎಂಬ ಒತ್ತಕ್ಷರದ ಮೇಲೆ ನಿಂತು, ಅದನ್ನು ಬಿಡಿಸಿ, 'ಕ್ತಿ'ಗೆ ಬರುವಷ್ಟರಲ್ಲಿ ವಿಡಿಯೊದ ಧ್ವನಿ ಓಮ್‌ನ ನಿಯಮಕ್ಕೆ ಹೋಗಿಬಿಟ್ಟಿರುತ್ತದೆ. ಪಕ್ಕದಲ್ಲಿ ಬಾಣದ ಗುರುತುಗಳು ಓಡುತ್ತಿರುತ್ತವೆ. ಅವನು ದಡ್ಡನಲ್ಲ. ಕನ್ನಡ ಲಿಪಿಯನ್ನು ಪೂರ್ತಿ ಕೈವಶ ಮಾಡಿಕೊಳ್ಳುವುದಕ್ಕೆ ಹೊತ್ತು ಹಿಡಿಯುತ್ತದೆ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ ಎಂದು ತೋರಿಸಿತ್ತು. ಆ ಹಂತದಲ್ಲಿ ಶಾಲೆ ತಪ್ಪಿಸಿಕೊಂಡ ಮಗು, ಕೊರೋನಾ ವರ್ಷಗಳಲ್ಲಿ ಮನೆಯಲ್ಲೇ ಉಳಿದ ಮಗು ಆ ಹೊರೆಯನ್ನು ಪ್ರೌಢಶಾಲೆಯವರೆಗೂ ಹೊತ್ತು ತರುತ್ತದೆ. ಅಂಥ ಮಗುವಿಗೆ ಓದುವುದೇ ಇಡೀ ಜಾಗವನ್ನು ನುಂಗಿಬಿಟ್ಟರೆ ಯೋಚಿಸುವುದಕ್ಕೆ ಉಳಿಯುವುದೇನು?

ಆದ್ದರಿಂದಲೇ ವಿಡಿಯೊವನ್ನು ನಿಲ್ಲಿಸುವ ಗುಂಡಿ ಅದನ್ನು ಓಡಿಸುವ ಗುಂಡಿಗಿಂತ ಮುಖ್ಯ. 2013ರಲ್ಲಿ ಕಾರ್ಲ್ ಸ್ಪುನಾರ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಸಂಖ್ಯಾಶಾಸ್ತ್ರದ ಇಪ್ಪತ್ತೊಂದು ನಿಮಿಷದ ವಿಡಿಯೊ ಪಾಠವನ್ನು ನಾಲ್ಕು ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೆ ಕೆಲವರಿಗೆ ಚಿಕ್ಕ ಪರೀಕ್ಷೆ ಕೊಟ್ಟರು, ಉಳಿದವರಿಗೆ ಅದೇ ವಿಷಯವನ್ನು ಇನ್ನೊಮ್ಮೆ ತೋರಿಸುವಂಥ ಬೇರೆ ಕೆಲಸ ಕೊಟ್ಟರು. ನಡುನಡುವೆ ಪರೀಕ್ಷೆ ಬರೆದವರ ಮನಸ್ಸು ಅಲೆದಾಡಿದ್ದು ಕಡಿಮೆ, ಟಿಪ್ಪಣಿ ಮಾಡಿಕೊಂಡದ್ದು ಹೆಚ್ಚು, ಕೊನೆಯ ಪರೀಕ್ಷೆಯಲ್ಲಿ ಅಂಕವೂ ಹೆಚ್ಚು. ವಿಡಿಯೊ ಎಲ್ಲರಿಗೂ ಒಂದೇ ಆಗಿತ್ತು. ನಿಲ್ಲಿಸಿ ಕೇಳಿದ್ದೇ ವ್ಯತ್ಯಾಸ.

ಕೇಳುವುದಕ್ಕೆ ಇಷ್ಟು ಶಕ್ತಿ ಎಲ್ಲಿಂದ ಬರುತ್ತದೆ? ನೆನಪನ್ನು ನಾವು ಗೋಡೌನ್ ಎಂದುಕೊಂಡಿದ್ದೇವೆ. ಒಳಗೆ ಹಾಕಿದ್ದು ಒಳಗಿರುತ್ತದೆ, ಪರೀಕ್ಷೆಯಲ್ಲಿ ತೆಗೆದು ನೋಡಿದರಾಯಿತು ಎಂದು. ಮಿದುಳು ಕೆಲಸ ಮಾಡುವ ಬಗೆ ಕಾಲುದಾರಿಗೆ ಹತ್ತಿರ. ನಡೆದಾಡಿದಷ್ಟೂ ದಾರಿ ಸವೆದು ಸ್ಪಷ್ಟವಾಗುತ್ತದೆ, ಬಿಟ್ಟರೆ ಹುಲ್ಲು ಬೆಳೆಯುತ್ತದೆ. 1885ರಲ್ಲಿ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದು ತೋರಿಸಿದ್ದು ಆ ಹುಲ್ಲು ಬೆಳೆಯುವ ವೇಗವನ್ನು. ದಾರಿ ಸವೆಸುವುದು ಹೇಗೆ ಎಂಬುದನ್ನು 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಬಹಳ ಸರಳವಾದ ಪ್ರಯೋಗದಲ್ಲಿ ಕಾಣಿಸಿದರು. ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿದರು. ಅರ್ಧದಷ್ಟು ಸಂದರ್ಭಗಳಲ್ಲಿ ಅದನ್ನೇ ಮತ್ತೆ ಓದಿದರು. ಉಳಿದರ್ಧದಲ್ಲಿ ಹಾಳೆ ಬದಿಗಿಟ್ಟು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ ಭಾಗ ಶೇ 81ರಷ್ಟು ನೆನಪಿತ್ತು, ಒಮ್ಮೆ ಓದಿ ಒಮ್ಮೆ ಬರೆದದ್ದು ಶೇ 75. ಒಂದು ವಾರದ ನಂತರ ಲೆಕ್ಕ ತಿರುಗಿಬಿತ್ತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇ 42, ಒಮ್ಮೆ ಬರೆದದ್ದರಲ್ಲಿ ಶೇ 56. ಬರೆದವರಿಗೆ ಸರಿ ತಪ್ಪು ಯಾರೂ ತಿದ್ದಿ ಹೇಳಿರಲಿಲ್ಲ, ಅವರಿಗೆ ಎರಡನೇ ಓದೂ ಇರಲಿಲ್ಲ. ತಲೆಯೊಳಗಿನಿಂದ ಎಳೆದು ತೆಗೆದ ಶ್ರಮವೇ ಆ ದಾರಿಯನ್ನು ಗಟ್ಟಿ ಮಾಡಿತ್ತು.

ಈ ಅಂಕಿಗಳಲ್ಲಿ ಐದು ನಿಮಿಷದ ಸಾಲನ್ನು ಮತ್ತೊಮ್ಮೆ ನೋಡಿ ಎಂದು ವಿನಂತಿ. ಮರಳಿ ಓದಿದವರೇ ಆಗ ಮುಂದಿದ್ದರು. ಅಂದರೆ ಪಾಠ ಮುಗಿದ ತಕ್ಷಣ 'ಅರ್ಥವಾಯಿತಾ?' ಎಂದು ಕೇಳಿದರೆ ನಲವತ್ತು ಮಕ್ಕಳೂ ಒಕ್ಕೊರಲಿನಿಂದ 'ಹೌದು ಸರ್' 'ಹೌದು ಮಿಸ್' ಎನ್ನುವುದು ಸುಳ್ಳಲ್ಲ. ಆ ಹೊತ್ತಿಗೆ ಅರ್ಥವಾಗಿಯೇ ಇರುತ್ತದೆ. ಮುಂದಿನ ವಾರಕ್ಕೆ ಅದು ಉಳಿಯುತ್ತದೆಯೇ ಎಂಬುದಕ್ಕೆ ಆ ಉತ್ತರದಲ್ಲಿ ಯಾವ ಸುಳಿವೂ ಇಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ಲೂಯಿ ಡೆಲೋರಿಯೆ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ. ಚೊಕ್ಕವಾದ ಉಪನ್ಯಾಸ ಕೇಳಿದ ವಿದ್ಯಾರ್ಥಿಗಳು ತಾವು ಹೆಚ್ಚು ಕಲಿತೆವು ಎಂದು ಭಾವಿಸಿದರು. ತಾವೇ ಒದ್ದಾಡಿ, ಗುಂಪಿನಲ್ಲಿ ಲೆಕ್ಕ ಬಿಡಿಸಿದವರು ಕಡಿಮೆ ಕಲಿತೆವು ಎಂದುಕೊಂಡರು. ಪರೀಕ್ಷೆಯಲ್ಲಿ ಹೆಚ್ಚು ಗಳಿಸಿದ್ದು ಒದ್ದಾಡಿದವರು. ಸೊಗಸಾದ ಆನಿಮೇಶನ್ ವಿಡಿಯೊಗಳ ಕಾಲದಲ್ಲಿ ಇದು ನಮ್ಮನ್ನು ಎಚ್ಚರಿಸಬೇಕು. ವಿವರಣೆ ನುಣುಪಾದಷ್ಟೂ ಮಗುವಿಗೆ ತನಗೆ ಬಂತು ಎಂಬ ನಂಬಿಕೆ ಬಲಿಯುತ್ತದೆ.

ಹಾಗಾದರೆ ಪರದೆ ಬೇಡವೇ? ಖಂಡಿತ ಬೇಕು, ಆದರೆ ಯಾವ ಕೆಲಸಕ್ಕೆ ಎಂಬುದು ಪ್ರಶ್ನೆ. ನಮ್ಮ ದೇಶದಲ್ಲೇ ನಡೆದ ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗುಜರಾತಿನಲ್ಲಿ ಲೀ ಲಿಂಡನ್ ಪರೀಕ್ಷಿಸಿದ ಕಂಪ್ಯೂಟರ್ ಪಾಠಗಳು ಶಿಕ್ಷಕರ ಪಾಠದ ಹೊತ್ತನ್ನೇ ಕಿತ್ತುಕೊಂಡ ಕಡೆ ಮಕ್ಕಳು ಹಿಂದೆ ಬಿದ್ದರು. ಶಾಲೆಯ ಅವಧಿಯ ಹೊರಗೆ ಹೆಚ್ಚುವರಿ ಅಭ್ಯಾಸವಾಗಿ ಬಂದ ಕಡೆ ಮುಂದೆ ಹೋದರು. ಯಂತ್ರ ಅದೇ, ಅದನ್ನು ಇಟ್ಟ ಜಾಗ ಬೇರೆ. ದೆಹಲಿಯಲ್ಲಿ ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂದ್ರೊ ಗಾನಿಮಿಯನ್ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳು ತೊಂಬತ್ತು ನಿಮಿಷದ ತರಗತಿಗೆ ಬರುತ್ತಿದ್ದರು. ಅರ್ಧ ಹೊತ್ತು ಮಗುವಿನ ಮಟ್ಟಕ್ಕೆ ತಕ್ಕಂತೆ ಪ್ರಶ್ನೆ ಬದಲಿಸುವ ಮೈಂಡ್‌ಸ್ಪಾರ್ಕ್ ಎಂಬ ಸಾಫ್ಟ್‌ವೇರ್, ಇನ್ನರ್ಧ ಹೊತ್ತು ಸಣ್ಣ ಗುಂಪಿನಲ್ಲಿ ಬೋಧಕರೊಂದಿಗೆ ಪಾಠ. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಒಳ್ಳೆಯ ಸುಧಾರಣೆ ಕಂಡಿತು. ಯಾಕೆಂದರೆ ಆ ಅಧ್ಯಯನಕ್ಕೆ ಸೇರಿದ ಆರನೇ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿತ್ತು, ಮತ್ತು ಆ ಸಾಫ್ಟ್‌ವೇರ್ ಮಗು ನಿಂತಿದ್ದ ಮೆಟ್ಟಿಲಿನಿಂದಲೇ ಪ್ರಶ್ನೆ ಕೇಳುತ್ತಿತ್ತು. ಪರದೆ ಅಲ್ಲಿ ಪಾಠ ಹೇಳುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳಿ, ಉತ್ತರ ತಪ್ಪಿದಾಗ ತಕ್ಷಣ ತಿದ್ದುವ ಕೆಲಸ ಮಾಡುತ್ತಿತ್ತು. ಐವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕರಿಂದ ಆಗದ ಕೆಲಸ ಅದು, ಮತ್ತು ಅದಕ್ಕೆ ಯಂತ್ರದ ನೆರವು ಪಡೆಯುವುದರಲ್ಲಿ ಯಾವ ಅವಮಾನವೂ ಇಲ್ಲ. ಪಾಠ ಹೇಳುವ ನಿಮ್ಮ ಜಾಗಕ್ಕೆ ವಿಡಿಯೊ ಹಾಕಿ ಹಾಜರಿ ಪುಸ್ತಕ ತುಂಬಿಸುವುದು ಮಾತ್ರ ಗುಜರಾತಿನ ಮೊದಲ ಪ್ರಯೋಗವನ್ನು ಮತ್ತೆ ಮಾಡಿದಂತೆ.

ಪರದೆಯ ಮುಂದೆ ಯಾರು ಜೊತೆಗಿದ್ದಾರೆ ಎಂಬುದೂ ಮುಖ್ಯ. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಿ ಭಾಷೆಯ ಧ್ವನಿಗಳನ್ನು ಕಲಿಸಿ ನೋಡಿದ ಪೆಟ್ರೀಶಿಯಾ ಕೂಲ್ ಅವರ 2003ರ ಪ್ರಯೋಗ ಪ್ರಸಿದ್ಧ. ಎದುರಿಗೆ ಕೂತು ಆಡಿಸಿದ ಮನುಷ್ಯರಿಂದ ಕೂಸುಗಳು ಕಲಿತವು. ಅದೇ ಮಾತು, ಅದೇ ಆಟ ಪರದೆಯಲ್ಲಿ ಬಂದಾಗ ಕಲಿಯಲಿಲ್ಲ. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. 2018ರಲ್ಲಿ ಅದೇ ತಂಡ ಮುಂದಿನ ಹೆಜ್ಜೆ ಇಟ್ಟು, ಕೂಸುಗಳನ್ನು ಪರದೆಯ ಮುಂದೆ ಒಂಟಿಯಾಗಿ ಮತ್ತು ಜೋಡಿಯಾಗಿ ಕೂರಿಸಿತು. ಜೊತೆಗೆ ಇನ್ನೊಂದು ಕೂಸು ಇದ್ದಾಗ ಪರದೆಯಿಂದಲೂ ಕಲಿತ ಗುರುತು ಮಿದುಳಿನ ಅಲೆಗಳಲ್ಲಿ ಕಾಣಿಸಿಕೊಂಡಿತು. ಕೂಸುಗಳ ಸಂಗತಿಯನ್ನು ಹದಿನೈದು ವರ್ಷದವರಿಗೆ ನೇರವಾಗಿ ಅಂಟಿಸಬಾರದು, ಒಪ್ಪುತ್ತೇನೆ. ಆದರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ನೋಡುವ ವಿಡಿಯೊಗೂ ಇಬ್ಬರು ಒಟ್ಟಿಗೆ ನೋಡಿ, ನಿಲ್ಲಿಸಿ, 'ಇದು ಹೇಗಾಯ್ತೋ?' ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ವಿಡಿಯೊಗೂ ವ್ಯತ್ಯಾಸ ಇರಬಹುದು ಎಂಬ ನಿಮ್ಮ ಅನುಭವಕ್ಕೆ ಅದು ಒಂದು ಆಸರೆ.

ಈಗ ಗುಂಪಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಹೆಚ್ಚು ಗೊಂದಲ ಇರುವುದು ಇಲ್ಲೇ. ಗುಂಪು ಮಾಡಿದರೆ ಕಲಿಕೆ ತಾನಾಗಿ ಆಗುತ್ತದೆ ಎಂಬ ನಂಬಿಕೆ ತಪ್ಪು. ವೆಲ್ಡನ್ ಮತ್ತು ಬೆಲಿಂಜರ್ 1997ರಲ್ಲಿ ತೋರಿಸಿದ ಒಂದು ವಿಚಿತ್ರ ಸಂಗತಿ ಇದೆ: ಮೂವರು ಒಟ್ಟಿಗೆ ಕೂತು ನೆನಪಿಸಿಕೊಂಡಾಗ ಸಿಗುವ ಮೊತ್ತ, ಅಷ್ಟೇ ಜನ ಬೇರೆ ಬೇರೆ ಕೂತು ನೆನಪಿಸಿಕೊಂಡದ್ದನ್ನು ಆಮೇಲೆ ಕೂಡಿಸಿದರೆ ಸಿಗುವುದಕ್ಕಿಂತ ಕಡಿಮೆ. ಒಬ್ಬಳು ತನ್ನದೇ ಕ್ರಮದಲ್ಲಿ ನೆನಪಿನ ಎಳೆ ಹಿಡಿದು ಹೋಗುತ್ತಿರುವಾಗ ಇನ್ನೊಬ್ಬ ಬೇರೆ ಕಡೆಯಿಂದ ಬಾಯಿ ಹಾಕಿದರೆ ಆ ಎಳೆ ಕಡಿದುಹೋಗುತ್ತದೆ. ಫೆಮ್ಕೆ ಕಿರ್ಶ್ನರ್ ಮತ್ತು ಸಂಗಡಿಗರು ಕಂಡದ್ದು ಇದರ ಮತ್ತೊಂದು ಮುಖ. ಸರಳವಾದ ಕೆಲಸಕ್ಕೆ ಒಬ್ಬರೇ ಕಲಿಯುವುದು ಮೇಲು. ಒಂದು ತಲೆಯ ಅಳತೆಗೆ ಮೀರಿದ, ತೊಡಕಾದ ಕೆಲಸಕ್ಕೆ ಗುಂಪು ಮೇಲು. ಹೊರೆಯನ್ನು ನಾಲ್ಕು ತಲೆಗಳಿಗೆ ಹಂಚಬಹುದು, ಹಂಚಲು ಆಡುವ ಮಾತಿನ ಖರ್ಚು ಆಗ ಗಿಟ್ಟುತ್ತದೆ. ವ್ಯಾಖ್ಯೆ ಬರೆದುಕೊಳ್ಳಲು, ಖಾಲಿ ಬಿಟ್ಟ ಸ್ಥಳ ತುಂಬಲು ಐದು ಜನರ ಗುಂಪು ಮಾಡುವುದು ಹೊತ್ತು ಹಾಳು ಮಾಡಿದಂತೆ.

ತೊಡಕಾದ ಕೆಲಸ ಎಂದರೆ ಎಂಥದ್ದು? ವಿದ್ಯುಚ್ಛಕ್ತಿಯ ಪಾಠದಿಂದಲೇ ಒಂದು ಪ್ರಶ್ನೆ ತೆಗೆದುಕೊಳ್ಳಿ. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೆಲ್, ಒಂದೇ ತರಹದ ಎರಡು ಬಲ್ಬು, ಸರಣಿ ಜೋಡಣೆ. ಧನ ತುದಿಗೆ ಹತ್ತಿರದ ಬಲ್ಬು 'ಅ', ಆಮೇಲಿನದು 'ಆ'. ಯಾವುದು ಹೆಚ್ಚು ಬೆಳಗುತ್ತದೆ? ಸೂತ್ರ ಬಾಯಿಪಾಠ ಬರುವ ಮಕ್ಕಳಲ್ಲೂ ಅನೇಕರು 'ಅ' ಎನ್ನುತ್ತಾರೆ. ಕರೆಂಟು ಮೊದಲ ಬಲ್ಬಿನಲ್ಲಿ ಸ್ವಲ್ಪ ಖರ್ಚಾಗಿ ಮಿಕ್ಕದ್ದು ಮುಂದಿನದಕ್ಕೆ ಹೋಗುತ್ತದೆ ಎಂಬುದು ಲೋಕದ ಎಲ್ಲ ಕಡೆ ಮಕ್ಕಳ ತಲೆಯಲ್ಲಿ ಕೂತಿರುವ ಕಲ್ಪನೆ. ಈಗ ಯಾರೂ ಮಾತಾಡದೆ, ರಫ್ ನೋಟಿನ ಕೊನೆಯ ಪುಟದಲ್ಲಿ ಪ್ರತಿಯೊಬ್ಬರೂ ಉತ್ತರವನ್ನೂ ಒಂದೇ ಸಾಲಿನ ಕಾರಣವನ್ನೂ ಬರೆಯಲಿ. ಎರಡು ನಿಮಿಷ. ಕೈ ಎತ್ತಿಸಿ ಎಣಿಸಿ. ಅಭಿಪ್ರಾಯ ಒಡೆದಿದ್ದರೆ, ಬೇರೆ ಉತ್ತರ ಬರೆದ ಪಕ್ಕದವರೊಂದಿಗೆ ವಾದ ಮಾಡಿಸಿ. 'ಅ' ಎಂದವಳು 'ಮುಂದೆ ಇರೋದಕ್ಕೆ ಮೊದಲು ಸಿಗತ್ತಲ್ಲ' ಎನ್ನುತ್ತಾಳೆ. ಎದುರಿನವನು 'ಹಾಗಾದ್ರೆ ಸೆಲ್ ತಿರುಗಿಸಿ ಹಾಕಿದ್ರೆ?' ಎಂದು ಕೇಳಿದರೆ ಅವಳು ನಿಲ್ಲುತ್ತಾಳೆ. ಆ ನಿಂತ ಗಳಿಗೆಯಲ್ಲಿ ನಡೆಯುವುದು ಬರಿ ಮಾಹಿತಿ ಸೇರುವುದಲ್ಲ. ತಾನು ಊಹಿಸಿದ್ದಕ್ಕೂ ಆದದ್ದಕ್ಕೂ ಇರುವ ಅಂತರವೇ ಮಿದುಳು ತನ್ನನ್ನು ತಿದ್ದಿಕೊಳ್ಳುವ ಸಂಕೇತ ಎಂದು ಸ್ಟಾನಿಸ್ಲಾಸ್ ಡೆಹೇನ್ ಅವರಂಥ ಮಿದುಳು ವಿಜ್ಞಾನಿಗಳು ವಿವರಿಸುತ್ತಾರೆ. ಊಹೆಯನ್ನೇ ಮಾಡದ ಮಗುವಿಗೆ ಆ ಅಂತರ ಹುಟ್ಟುವುದಿಲ್ಲ. ಸರಿ ಉತ್ತರ ಬಂದರೂ ತಾಗದೆ ಪಕ್ಕದಿಂದ ಹಾದುಹೋಗುತ್ತದೆ. ವಾದವಾದ ಮೇಲೆ ಎರಡು ಟಾರ್ಚ್ ಬಲ್ಬು, ಒಂದು ಸೆಲ್, ಸ್ವಲ್ಪ ವೈರು ಹಿಡಿದು ತೋರಿಸಿ. ಎರಡೂ ಒಂದೇ ಸಮ ಬೆಳಗುವುದನ್ನು ಅವರು ಮರೆಯುವುದು ಕಷ್ಟ.

ಈ ಕ್ರಮವನ್ನು 1990ರ ದಶಕದ ಆರಂಭದಿಂದ ಹಾರ್ವರ್ಡ್‌ನಲ್ಲಿ ಎರಿಕ್ ಮಝೂರ್ ಬೆಳೆಸಿದರು. ಮೊದಲು ಒಂಟಿ ಉತ್ತರ, ಆಮೇಲೆ ಜೋಡಿ ಮಾತು, ಮತ್ತೆ ಒಂಟಿ ಉತ್ತರ. ಇಲ್ಲಿ ನಿಮ್ಮಲ್ಲಿ ಅನೇಕರ ಮನಸ್ಸಿನಲ್ಲಿರುವ ಆಕ್ಷೇಪವನ್ನು ಎತ್ತಿಕೊಳ್ಳಬೇಕು: ಗುಂಪಿನಲ್ಲಿ ಜಾಣರು ಹೇಳುತ್ತಾರೆ, ಉಳಿದವರು ಅದನ್ನೇ ಬರೆದುಕೊಳ್ಳುತ್ತಾರೆ, ಅದರಲ್ಲೇನು ಕಲಿಕೆ? ಇದೇ ಅನುಮಾನವನ್ನು ಮಿಶೆಲ್ ಸ್ಮಿತ್ ಮತ್ತು ಸಂಗಡಿಗರು ಕೊಲರಾಡೊ ವಿಶ್ವವಿದ್ಯಾಲಯದ ತಳಿಶಾಸ್ತ್ರ ತರಗತಿಯಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಮಾತುಕತೆ ಆದ ಮೇಲೆ, ಅದೇ ತತ್ವದ ಬೇರೊಂದು ಹೊಸ ಪ್ರಶ್ನೆಯನ್ನು ಒಬ್ಬೊಬ್ಬರೇ ಬಿಡಿಸಬೇಕಿತ್ತು. ಅದರಲ್ಲೂ ಸುಧಾರಣೆ ಇತ್ತು. ಗುಂಪಿನ ಯಾರಿಗೂ ಮೊದಲು ಸರಿ ಉತ್ತರ ಗೊತ್ತಿರದಿದ್ದ ಕಡೆಯೂ ಸುಧಾರಣೆ ಇದ್ದಂತೆ ಅವರ ಲೆಕ್ಕ ಸೂಚಿಸಿತು. ನಕಲು ಮಾಡುವುದಕ್ಕೆ ಅಲ್ಲಿ ಏನೂ ಇರಲಿಲ್ಲವಲ್ಲ. ಆದರೆ ನೆನಪಿಡಿ, ಅಲ್ಲಿ ಎಲ್ಲರೂ ಮೊದಲು ತಮ್ಮ ಉತ್ತರಕ್ಕೆ ತಾವೇ ಕಟ್ಟುಬಿದ್ದಿದ್ದರು. ಆ ಮೊದಲ ಎರಡು ನಿಮಿಷ ತೆಗೆದುಹಾಕಿದರೆ ನಿಮ್ಮ ಆಕ್ಷೇಪವೇ ನಿಜವಾಗುತ್ತದೆ. ಗುಂಪಿನ ಚಾರ್ಟಿನ ಮೇಲೆ ಐವರ ಹೆಸರು, ಒಬ್ಬಳ ಕೈಬರಹ.

ಯಾರ ಕೈಬರಹ, ಯಾರ ಬಾಯಿ ಎಂಬ ಪ್ರಶ್ನೆ ನಮ್ಮ ನೆಲದಲ್ಲಿ ಮಿದುಳಿಗಿಂತ ದೊಡ್ಡದು. ಮಕ್ಕಳನ್ನೇ ಗುಂಪು ಮಾಡಿಕೊಳ್ಳಿ ಎಂದು ಬಿಟ್ಟರೆ ಅವರು ಊರಿನ ಕೇರಿಗಳನ್ನೇ ತರಗತಿಯೊಳಗೆ ಕಟ್ಟಿಕೊಳ್ಳಬಹುದು, ಹುಡುಗರು ಒಂದು ಕಡೆ ಹುಡುಗಿಯರು ಒಂದು ಕಡೆ ಆಗಬಹುದು. 1971ರಲ್ಲಿ ಅಮೆರಿಕದ ಆಸ್ಟಿನ್ ಪಟ್ಟಣದಲ್ಲಿ ಕಪ್ಪು, ಬಿಳಿ, ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಗೆ ಬಂದು ಜಗಳ ಎದ್ದಾಗ ಎಲಿಯಟ್ ಅರೊನ್ಸನ್ ರೂಪಿಸಿದ ಜಿಗ್‌ಸಾ ಕ್ರಮ ಇದಕ್ಕೇ ಹುಟ್ಟಿದ್ದು. ಪಾಠದ ಒಂದೊಂದು ತುಂಡು ಒಂದೊಂದು ಮಗುವಿನ ಬಳಿ; ಅದನ್ನು ಉಳಿದವರಿಗೆ ಆ ಮಗುವೇ ಹೇಳಬೇಕು, ಬೇರೆ ದಾರಿಯಿಲ್ಲ. ಹಿಂದಿನ ಬೆಂಚಿನ ಹುಡುಗಿಯ ಮಾತನ್ನು ಮುಂದಿನ ಬೆಂಚಿನವನು ಕಿವಿಗೊಟ್ಟು ಕೇಳಲೇಬೇಕಾದ ಸನ್ನಿವೇಶ ಅದು. ಗುಂಪನ್ನು ನೀವೇ ಮಾಡಿ, ತಿಂಗಳಿಗೊಮ್ಮೆ ಬದಲಿಸಿ, ಯಾರು ವರದಿ ಒಪ್ಪಿಸಬೇಕು ಎಂಬುದನ್ನು ಕೊನೆಯ ಗಳಿಗೆಯಲ್ಲಿ ನೀವೇ ಹೆಸರು ಕರೆದು ಹೇಳಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇದೆಲ್ಲ ಹೊರಗಿನಿಂದ ಬಂದ ವಿದ್ಯೆ ಎನಿಸಿದರೆ, ನಿಮ್ಮ ಶಾಲೆಗೆ ಬರುವ ಮಕ್ಕಳ ಹಿನ್ನೆಲೆಯನ್ನೇ ನೋಡಿ. ಸರ್ಕಾರಿ ಪ್ರಾಥಮಿಕ ಶಾಲೆಯಿಂದ ಬರುವವರು ನಲಿಕಲಿಯಲ್ಲಿ ಬೆಳೆದವರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಲ್ಲಿ ಕಂಡದ್ದನ್ನು ನಮ್ಮ ಮಣ್ಣಿಗೆ ಹೊಂದಿಸಿ ಕಟ್ಟಿದ ಕ್ರಮ ಅದು. 2009–10ರ ಹೊತ್ತಿಗೆ ಇಡೀ ರಾಜ್ಯಕ್ಕೆ ಹರಡಿತು. ಅಲ್ಲಿ ಕಲಿಕಾ ಏಣಿಯ ಮೇಲೆ ಪ್ರತಿ ಮಗುವಿಗೆ ತನ್ನದೇ ಮೆಟ್ಟಿಲು. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು, ಭಾಗಶಃ ಬೇಕಾದವರು, ಸಹಪಾಠಿಗಳ ನೆರವಿನಿಂದ ಕಲಿಯುವವರು, ತಾವೇ ಕಲಿಯುವವರು ಎಂದು 'ತಟ್ಟೆ' ಎಂದು ಕರೆಯುವ ಬೇರೆ ಬೇರೆ ಗುಂಪುಗಳಲ್ಲಿ ಕೂರುತ್ತಾರೆ. ಗುಂಪೂ ಇದೆ, ಒಂಟಿಯಾಗಿ ಮಾಡುವ ಕೆಲಸವೂ ಇದೆ, ಎರಡಕ್ಕೂ ಜಾಗ ಗೊತ್ತುಮಾಡಿದೆ. ನಲಿಕಲಿಯ ಅನುಷ್ಠಾನದಲ್ಲಿ ಕೊರತೆಗಳಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಹಾಗೆ ಕಲಿತ ಮಗು ಪ್ರೌಢಶಾಲೆಗೆ ಬಂದು ದಿನಕ್ಕೆ ಏಳು ಪೀರಿಯಡ್ ಸಾಲಾಗಿ ಕೂತು ಬೋರ್ಡಿನ ಮೇಲಿನದನ್ನು ಇಳಿಸಿಕೊಳ್ಳುವುದು ದೊಡ್ಡ ನಷ್ಟ.

ಸಿಲಬಸ್ ಮುಗಿಯುವುದಿಲ್ಲ ಎಂಬ ಮಾತು ನನಗೆ ಕೇಳಿಸುತ್ತಿದೆ. ಅದು ನೆಪವಲ್ಲ, ನಿಮ್ಮ ಕುತ್ತಿಗೆಯ ಮೇಲಿರುವ ನಿಜವಾದ ಹೊರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಇಳಿದರೆ ವಿವರಣೆ ಕೇಳುವುದು ನಿಮ್ಮನ್ನೇ. ಆದರೆ ಜನವರಿಗೆ ಪಾಠಗಳು ಮುಗಿದ ಮೇಲೆ ನೀವು ಮಾಡುವುದೇನು? ಜೂನ್‌ನ ಪಾಠವನ್ನು ಮೊದಲಿನಿಂದ ಮತ್ತೆ ಹೇಳುತ್ತೀರಿ, ಬೆಳಗ್ಗೆ ಸಂಜೆ ವಿಶೇಷ ತರಗತಿ ಮಾಡುತ್ತೀರಿ, ಭಾನುವಾರ ಬಿಡುವುದಿಲ್ಲ. ಆ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ. ಪ್ರತಿ ಪೀರಿಯಡ್‌ನ ಮೊದಲ ಮೂರು ನಿಮಿಷವನ್ನು ಹಿಂದಿನ ವಾರದ ಒಂದು ಪ್ರಶ್ನೆ, ಹಿಂದಿನ ತಿಂಗಳ ಒಂದು ಪ್ರಶ್ನೆಗೆ ಕೊಟ್ಟರೆ ಜನವರಿಯ ಆ ಹೊರೆಯ ದೊಡ್ಡ ಪಾಲು ಜುಲೈನಿಂದಲೇ ಇಳಿಯುತ್ತಾ ಬರುತ್ತದೆ. ಹೊತ್ತು ಬಿಟ್ಟು ಹೊತ್ತು ನೆನಪಿಸಿಕೊಂಡದ್ದು, ಒಂದೇ ದಿನ ಹತ್ತು ಸಲ ಓದಿದ್ದಕ್ಕಿಂತ ಉಳಿಯುತ್ತದೆ ಎಂಬುದು ಎಬ್ಬಿಂಗ್‌ಹೌಸ್ ಕಾಲದಿಂದ ಮತ್ತೆ ಮತ್ತೆ ಖಚಿತವಾದ ಸಂಗತಿ. ಅದಕ್ಕೆ ಅಂಕ ಕೊಡಬೇಡಿ, ರಿಜಿಸ್ಟರಿಗೆ ಏರಿಸಬೇಡಿ. ಅಂಕ ಬಂದ ಕೂಡಲೇ ನಕಲು ಬರುತ್ತದೆ, ನಿಮ್ಮ ಮೇಲೆ ಇನ್ನೊಂದು ದಾಖಲೆಯ ಕೆಲಸವೂ ಬೀಳುತ್ತದೆ. ಉತ್ತರ ಹೇಳಿ, ಮಕ್ಕಳೇ ತಿದ್ದಿಕೊಳ್ಳಲಿ, ಮುಂದೆ ಹೋಗಿ.

ಇದು ಹಳೆಯ ಬಾಯಿಪಾಠವನ್ನೇ ಹೊಸ ಹೆಸರಿನಲ್ಲಿ ತಂದಂತಾಯಿತು ಎನ್ನುವವರೂ ಇದ್ದಾರೆ. ಬಾಯಿಪಾಠವನ್ನು ಅಷ್ಟು ಹಗುರ ಮಾಡಬೇಕಿಲ್ಲ. ಮಗ್ಗಿ ಬಾಯಿಗೆ ಬರುವ ಮಗುವಿಗೆ ಬೀಜಗಣಿತ ಮಾಡುವಾಗ ವರ್ಕಿಂಗ್ ಮೆಮೊರಿಯ ಜಾಗ ಉಳಿಯುತ್ತದೆ. ಮಗ್ಗಿ ಕಲಿಸಿದ ನಮ್ಮ ಹಿಂದಿನ ಮೇಷ್ಟ್ರುಗಳು ಈ ಮಾತು ಕೇಳಿದ್ದರೆ ತಲೆದೂಗುತ್ತಿದ್ದರು. ವ್ಯತ್ಯಾಸ ಇರುವುದು ಇಲ್ಲಿ: ಉರು ಹೊಡೆಯುವ ಮಗು ನೋಟ್ಸಿನ ಸಾಲನ್ನು ನೋಡಿಕೊಂಡೇ ಹತ್ತು ಸಲ ಹೇಳುತ್ತದೆ, ಪ್ರಶ್ನೆಯ ಒಂದು ಪದ ಬದಲಾದರೆ ಕೈಚೆಲ್ಲುತ್ತದೆ. ನಾನು ಕೇಳುತ್ತಿರುವುದು ಪುಸ್ತಕ ಮುಚ್ಚಿ, ತನ್ನದೇ ಮಾತಿನಲ್ಲಿ, ಪ್ರತಿ ಸಲ ಬೇರೆ ಪ್ರಶ್ನೆಗೆ. ಮನೆಯ ಭಾಷೆ ತುಳುವೋ ಉರ್ದುವೋ ಲಂಬಾಣಿಯೋ ಆಗಿದ್ದರೆ ಮೊದಲ ಕರಡು ಆ ಭಾಷೆಯ ಪದಗಳನ್ನು ಬೆರೆಸಿಕೊಂಡೇ ಬರಲಿ.

ಕೊನೆಯ ಆಕ್ಷೇಪ ಮಿದುಳು ವಿಜ್ಞಾನದ ಮೇಲೆಯೇ. ಇಷ್ಟಕ್ಕೆ ಮಿದುಳಿನ ಹೆಸರು ಯಾಕೆ ಬೇಕು? ಪ್ರಶ್ನೆ ನ್ಯಾಯವಾಗಿದೆ. ನರಕೋಶಗಳಿಂದ ನೇರ ತರಗತಿಗೆ ಸೇತುವೆ ಕಟ್ಟುವುದು ಕೈಗೆ ಎಟುಕದ ಮಾತು ಎಂದು ಜಾನ್ ಬ್ರೂಯರ್ 1997ರಲ್ಲೇ ಎಚ್ಚರಿಸಿದ್ದರು. ಮೇಲೆ ಹೇಳಿದ ಬಹುಪಾಲು ಸಾಕ್ಷ್ಯ ಮನಃಶಾಸ್ತ್ರಜ್ಞರು ಕಾಗದ ಪೆನ್ಸಿಲಿನಿಂದ ಅಳೆದದ್ದು, ಸ್ಕ್ಯಾನರ್‌ನಲ್ಲಿ ಕಂಡದ್ದಲ್ಲ ಎಂದು ನಾನೂ ಮುಚ್ಚಿಡುವುದಿಲ್ಲ. ಸ್ಕ್ಯಾನರ್ ತೋರಿಸುವುದೂ ಬೆರಗಿನ ಸಂಗತಿಯೇ: ಲಖನೌ ಸಮೀಪದ ಹಳ್ಳಿಗಳ ಅನಕ್ಷರಸ್ಥ ವಯಸ್ಕರು ಆರು ತಿಂಗಳು ದೇವನಾಗರಿ ಓದಲು ಕಲಿತಾಗ ಮಿದುಳಿನ ಆಳದ ಭಾಗಗಳಲ್ಲೂ ಬದಲಾವಣೆ ಕಂಡಿತು ಎಂದು 2017ರ ಒಂದು ಅಧ್ಯಯನ ಹೇಳಿತು. ಮೂವತ್ತು ದಾಟಿದವರ ಮಿದುಳೂ ಬದಲಾಗುವುದಾದರೆ ಹದಿನಾಲ್ಕರ ಮಗುವಿನ ಬಗ್ಗೆ 'ಇವನಿಗೆ ಹತ್ತಲ್ಲ ಬಿಡಿ' ಎನ್ನುವ ಹಕ್ಕು ನಮಗಿಲ್ಲ. ಆದರೆ ಅದೇ ವರ್ಷ ನ್ಯೂಯಾರ್ಕಿನ ಹನ್ನೆರಡು ವಿದ್ಯಾರ್ಥಿಗಳ ಮಿದುಳಿನ ಅಲೆಗಳು ತರಗತಿಯಲ್ಲಿ ಒಂದಕ್ಕೊಂದು ಹೊಂದಿಕೊಳ್ಳುವುದನ್ನು ಅಳೆದ ಅಧ್ಯಯನವನ್ನು ಹಿಡಿದು ಯಾರಾದರೂ 'ಗುಂಪು ಕಲಿಕೆ ವೈಜ್ಞಾನಿಕವಾಗಿ ಸಾಬೀತಾಗಿದೆ' ಎಂದರೆ ಹಿಂಜರಿಯದೆ ಪ್ರಶ್ನೆ ಕೇಳಿ. ಹನ್ನೆರಡು ಮಕ್ಕಳ ಅಲೆಗಳ ಮೇಲೆ ಶಾಲೆಯ ನೀತಿ ಕಟ್ಟಲಾಗದು. ಎಡ ಮಿದುಳಿನ ಮಕ್ಕಳು, ಬಲ ಮಿದುಳಿನ ಮಕ್ಕಳು, ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ವಿಂಗಡಿಸುವ ತರಬೇತಿಗಳ ಬಗ್ಗೆಯಂತೂ ಇನ್ನೂ ಎಚ್ಚರ ಬೇಕು. ಮಗುವಿನ ಕಲಿಕೆಯ ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಹೆಚ್ಚು ಕಲಿಯುತ್ತದೆ ಎಂಬುದಕ್ಕೆ ತಕ್ಕ ಸಾಕ್ಷ್ಯ ಇಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಪರಿಶೀಲಿಸಿ ಹೇಳಿದ್ದಾರೆ. 'ಇವಳು ಕೇಳಿ ಕಲಿಯುವವಳು' ಎಂದು ಹಣೆಪಟ್ಟಿ ಕಟ್ಟಿ ಅವಳ ಕೈಯಿಂದ ಪುಸ್ತಕ ತೆಗೆದಿಟ್ಟರೆ ಆ ಮಗುವಿಗೆ ಆಗುವ ಅನ್ಯಾಯ ಸಣ್ಣದಲ್ಲ.

ಮುಖ್ಯ ಶಿಕ್ಷಕರಲ್ಲಿ ಮತ್ತು ಈ ಪತ್ರ ಕಣ್ಣಿಗೆ ಬಿದ್ದ ಇಲಾಖೆಯ ಅಧಿಕಾರಿಗಳಲ್ಲಿ ಒಂದು ಕೋರಿಕೆ. ಶಾಲೆ ನೋಡಲು ಬಂದಾಗ ಸ್ಮಾರ್ಟ್ ಬೋರ್ಡ್ ಎಷ್ಟು ಗಂಟೆ ಓಡಿತು ಎಂದು ಕೇಳುವ ಬದಲು, ಅದನ್ನು ಎಲ್ಲೆಲ್ಲಿ ನಿಲ್ಲಿಸಿದಿರಿ, ನಿಲ್ಲಿಸಿ ಏನು ಕೇಳಿದಿರಿ ಎಂದು ಕೇಳಿ. ತರಗತಿ ಗದ್ದಲವಿಲ್ಲದೆ ಇದ್ದರೆ ಅದನ್ನೇ ಶಿಸ್ತು ಎಂದು ಬರೆದುಕೊಂಡು ಹೋಗಬೇಡಿ.

ಶಿಕ್ಷಕ ಬಂಧುಗಳೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಬರುವ ವಾರ ನಿಮ್ಮ ವಿಷಯದ ಒಂದೇ ಒಂದು ಪಾಠ ಆರಿಸಿಕೊಳ್ಳಿ. ಒಂದು ಸೆಕ್ಷನ್ನಿನಲ್ಲಿ ಎಂದಿನಂತೆ ನಡೆಸಿ. ಇನ್ನೊಂದರಲ್ಲಿ ಮೊದಲು ಎರಡು ನಿಮಿಷ ಒಬ್ಬೊಬ್ಬರೇ ಬರೆಯಲಿ, ಆಮೇಲೆ ವಿಡಿಯೊ, ನಡುವೆ ಎರಡು ಕಡೆ ನಿಲುಗಡೆ, ಆಮೇಲೆ ಜೋಡಿ ಮಾತು, ಕೊನೆಗೆ ಮತ್ತೆ ಒಬ್ಬೊಬ್ಬರೇ. ಒಂದೇ ಸೆಕ್ಷನ್ ಇರುವ ಶಾಲೆಯಾದರೆ ಎರಡು ಪಾಠ ಆರಿಸಿ, ಒಂದನ್ನು ಎಂದಿನಂತೆ, ಇನ್ನೊಂದನ್ನು ಹೀಗೆ ಮಾಡಿ. ಮೂರು ವಾರ ಏನೂ ಹೇಳದೆ ಬಿಟ್ಟು, ಒಂದು ಬೆಳಿಗ್ಗೆ ಮುನ್ಸೂಚನೆ ಕೊಡದೆ ಅದೇ ಪಾಠದ ಐದು ಪ್ರಶ್ನೆ ಕೊಡಿ. ಆ ಹಾಳೆಗಳನ್ನು ಕಟ್ಟಿಟ್ಟು, ವಿಷಯ ಶಿಕ್ಷಕರ ಮುಂದಿನ ಸಭೆಗೆ ಜೊತೆಯಲ್ಲಿ ತೆಗೆದುಕೊಂಡು ಹೋಗಿ, ಬೇರೆ ಶಾಲೆಯವರ ಹಾಳೆಗಳ ಪಕ್ಕದಲ್ಲಿ ಹರಡಿ ನೋಡಿ.



ಇಂತಿ ತಮ್ಮ ವಿಶ್ವಾಸಿ,
ಈ ಪತ್ರದ ಲೇಖಕ